ಯೂರಿಕ್ ಆಸಿಡ್ ಪುಡಿ ಮಾರುವವರ ಮಾತು ಕೇಳಿ ಮಾತ್ರೆ ನಿಲ್ಲಿಸಬೇಡಿ

ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಾಗಿ ಕೀಲಿನಲ್ಲಿ ಹರಳು ಕಟ್ಟಿ ನೋವು ತರುವ ಗೌಟ್‌ಗೆ ವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಫೋನಿನಲ್ಲಿ ಮಾತನಾಡುವ ಯಾರೋ ಹೇಳಿದರೆಂದು ನಿಲ್ಲಿಸಬೇಡಿ. ನಾನು ನಿಲ್ಲಿಸಿದೆ. ಇಪ್ಪತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸಿದವನು ನಾನು. ದ್ರಾವಣ ಪರ್ಯಾಪ್ತವಾದ ಮೇಲೆ, ಅಂದರೆ ಇನ್ನಷ್ಟು ಕರಗಿಸಿಕೊಳ್ಳಲಾರದ ಸ್ಥಿತಿ ತಲುಪಿದ ಮೇಲೆ, ತಣ್ಣಗಾದರೆ ಹರಳು ಕಟ್ಟುತ್ತದೆ ಎಂದು ಪ್ರತಿ ವರ್ಷ ಮಕ್ಕಳಿಗೆ ಮಾಡಿ ತೋರಿಸಿದವನು. ಅದಕ್ಕೇ ಇದನ್ನು ಬರೆಯಲು ಇಷ್ಟು ದಿನ ನಾಚಿಕೆಯಾಗುತ್ತಿತ್ತು. ಈಗ ನಾಚಿಕೆಗಿಂತ ಸಿಟ್ಟು ಹೆಚ್ಚಾಗಿದೆ.

ಗೌಟ್ ಬಂದವರಿಗೆ ಆ ನೋವನ್ನು ವಿವರಿಸಬೇಕಾಗಿಲ್ಲ. ರಾತ್ರಿ ಎರಡು ಗಂಟೆಗೆ ಕಾಲಿನ ಹೆಬ್ಬೆರಳಿನ ಬುಡ ಕೆಂಡವಾಗುತ್ತದೆ, ಹೊದಿಕೆಯ ಅಂಚು ತಾಗಿದರೂ ಜೀವ ಬಾಯಿಗೆ ಬರುತ್ತದೆ. ಮೂರು ವರ್ಷದ ಹಿಂದೆ ನನಗೆ ಮೊದಲ ಸಲ ಬಂದಾಗ ಯೂರಿಕ್ ಆಸಿಡ್ ಡೆಸಿಲೀಟರ್ ರಕ್ತಕ್ಕೆ 9.2 ಮಿಲಿಗ್ರಾಂ ಇತ್ತು. ಶಿವಮೊಗ್ಗದ ವೈದ್ಯರು ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಮಾತ್ರೆಯನ್ನು 100 ಮಿಲಿಗ್ರಾಂನಿಂದ ಶುರುಮಾಡಿ ನಿಧಾನವಾಗಿ 300ಕ್ಕೆ ಏರಿಸಿದರು. 5.4ಕ್ಕೆ ಇಳಿಯಿತು. ಎರಡು ವರ್ಷ ನೋವೆಂಬುದೇ ಇರಲಿಲ್ಲ. ನೋವು ಇಲ್ಲದ್ದೇ ನನ್ನನ್ನು ದಾರಿ ತಪ್ಪಿಸಿತು. ಚೆನ್ನಾಗಿಯೇ ಇದ್ದೇನಲ್ಲ, ಬದುಕಿರುವಷ್ಟು ದಿನ ಈ ಮಾತ್ರೆ ಏಕೆ ನುಂಗಬೇಕು ಎಂಬ ಯೋಚನೆ ತಲೆಗೆ ಹೊಕ್ಕಿತು. ಅದೇ ಹೊತ್ತಿಗೆ ಮೊಬೈಲಿನಲ್ಲಿ ಆ ವಿಡಿಯೊ ಬಂತು. ಬೇರು, ಎಲೆ, ಕುಟ್ಟಾಣಿ, ಹಿನ್ನೆಲೆಯಲ್ಲಿ ಕಾಡು. ‘ಯೂರಿಕ್ ಆಸಿಡ್ ಬೇರುಸಹಿತ ಗುಣ, ಅರವತ್ತು ದಿನದ ಕೋರ್ಸ್.’

ಫೋನ್ ಮಾಡಿದೆ. ಆ ಕಡೆಯವನ ಮಾತಿನಲ್ಲಿ ಎಷ್ಟು ವಿನಯ! ‘ಮೇಷ್ಟ್ರೇ, ನಿಮ್ಮಂಥ ತಿಳಿದವರೇ ಇಂಗ್ಲಿಷ್ ಔಷಧಿಗೆ ಅಂಟಿಕೊಂಡರೆ ಹೇಗೆ? ಅದು ಕಿಡ್ನಿ ತಿನ್ನುತ್ತದೆ. ಅದನ್ನು ಬಿಟ್ಟರೆ ಮಾತ್ರ ನಮ್ಮ ಪುಡಿ ಕೆಲಸ ಮಾಡುತ್ತದೆ, ಎರಡೂ ಒಟ್ಟಿಗೆ ಆಗುವುದಿಲ್ಲ’ ಎಂದ. ನನ್ನ ಹಳೆಯ ರಿಪೋರ್ಟಿನ ಫೋಟೊ ಕೇಳಿದ, ಕಳಿಸಿದೆ. 4,800 ರೂಪಾಯಿಯನ್ನು ಯಾರದೋ ಖಾಸಗಿ ಖಾತೆಗೆ ಮೊಬೈಲಿನಿಂದಲೇ ಹಾಕಿದೆ. ಬಿಲ್ ಇಲ್ಲ. ಬಂದ ಪೊಟ್ಟಣದ ಮೇಲೆ ಎಲೆಯ ಚಿತ್ರ ಬಿಟ್ಟರೆ ಪರವಾನಗಿ ಸಂಖ್ಯೆ ಇಲ್ಲ, ಬ್ಯಾಚ್ ಸಂಖ್ಯೆ ಇಲ್ಲ, ಒಳಗೆ ಏನೇನಿದೆ ಎಂಬ ಪಟ್ಟಿ ಇಲ್ಲ. ಕಿರಾಣಿ ಅಂಗಡಿಯಲ್ಲಿ ಅರಿಶಿನದ ಪುಡಿ ಕೊಳ್ಳುವಾಗಲೂ ತಿರುಗಿಸಿ ನೋಡುವ ನಾನು ಇದನ್ನು ನೋಡಲಿಲ್ಲ.

ಜೊತೆಗೆ ಒಂದು ಪಥ್ಯದ ಹಾಳೆ. ಮಟನ್, ಬೋಟಿ, ಲಿವರ್, ಏಡಿ, ಬೂತಾಯಿ ಮೀನು, ಬಿಯರ್ ಬೇಡ ಎಂದಿತ್ತು. ಅದು ಸರಿ, ನಮ್ಮ ವೈದ್ಯರೂ ಹೇಳಿದ್ದರು, ಮಳೆಗಾಲದ ಏಡಿ ಸಾರನ್ನು ನಾನು ಆಗಲೇ ಬಿಟ್ಟಿದ್ದೆ. ಆದರೆ ಹಾಳೆ ಅಲ್ಲಿಗೆ ನಿಲ್ಲಲಿಲ್ಲ. ತೊಗರಿಬೇಳೆ ಬೇಡ, ಹೆಸರುಕಾಳು ಬೇಡ, ಪಾಲಕ್ ಬೇಡ, ಬದನೆ ಬೇಡ, ಟೊಮೆಟೊ ಬೇಡ, ಹುಣಸೆ ಬೇಡ, ಮೊಸರು ಬೇಡ, ಮಜ್ಜಿಗೆ ಬೇಡ. ಪುಡಿಯನ್ನು ದಿನಕ್ಕೆ ಮೂರು ಸಲ ಎರಡೆರಡು ಚಮಚ ಜೇನಿನಲ್ಲಿ ಕಲಸಿ ತಿನ್ನಬೇಕು. ಸೋಮವಾರ ನೀರನ್ನೂ ಮುಟ್ಟದೆ ಉಪವಾಸ. ಹೆಂಡತಿ ಒಂದೂವರೆ ತಿಂಗಳು ನನಗಾಗಿ ಬೇರೆಯೇ ಅಡುಗೆ ಮಾಡಿದಳು. ಬೇಳೆಯಿಲ್ಲದ ಸಾರು, ಮಜ್ಜಿಗೆಯಿಲ್ಲದ ಊಟ. ಒಂದು ದಿನವೂ ತಪ್ಪಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಒಂದು ದಿನವೂ ಪಥ್ಯ ತಪ್ಪಲಿಲ್ಲ. ಏಕೆಂದರೆ ಮುಂದೆ ಅವರು ಹಿಡಿದುಕೊಂಡದ್ದು ಅದನ್ನೇ.

ಏಳನೆಯ ವಾರ ನೋವು ಬಂತು. ಹೆಬ್ಬೆರಳಿಗಷ್ಟೇ ಅಲ್ಲ, ಮೊಣಕಾಲಿಗೂ. ಬಚ್ಚಲಿಗೆ ಹೋಗಲು ಮಗನ ಹೆಗಲು ಬೇಕಾಯಿತು. ಫೋನ್ ಮಾಡಿದರೆ ಮೊದಲ ಪ್ರಶ್ನೆ: ‘ಪಥ್ಯ ಮುರಿದಿರಾ ಸರ್?’ ಇಲ್ಲ ಎಂದೆ. ‘ನೆನಪು ಮಾಡಿಕೊಳ್ಳಿ, ಏನೋ ತಿಂದಿರುತ್ತೀರಿ.’ ಇಲ್ಲಪ್ಪಾ ಎಂದೆ. ‘ಮದುವೆಮನೆ, ಗೃಹಪ್ರವೇಶ?’ ಇಲ್ಲ. ಆಗ ದನಿ ಬದಲಾಯಿತು. ‘ಹಾಗಾದರೆ ಇದು ಒಳ್ಳೆಯ ಲಕ್ಷಣ. ಒಳಗಿನ ವಿಷ ಹೊರಗೆ ಬರುತ್ತಿದೆ. ಬೇಕಾದರೆ ರಕ್ತ ಪರೀಕ್ಷೆ ಮಾಡಿಸಿ ನೋಡಿ.’

ಮಾಡಿಸಿದೆ. 6.3 ಬಂತು. ನಂಬಿದೆ! ಕಾಲು ಊರಲಾಗದೆ ಮಂಚದ ಮೇಲೆ ಬಿದ್ದಿದ್ದವನು, ಉತ್ತರ ಪತ್ರಿಕೆ ತಿದ್ದುವ ಕೆಂಪು ಪೆನ್ನಿನಿಂದ ಆ 6.3ರ ಸುತ್ತ ಒಂದು ಸುತ್ತು ಹಾಕಿ, ಫೋಟೊ ತೆಗೆದು, ‘ತುಂಬಾ ಧನ್ಯವಾದ’ ಎಂದು ಬರೆದು ಅವರಿಗೆ ಕಳಿಸಿದೆ. ಎರಡನೆಯ ಕೋರ್ಸಿಗೆ 6,500 ರೂಪಾಯಿಯನ್ನೂ ಕಳಿಸಿದೆ. ಅದೂ ಸಾಲದೆಂದು, ಇದೇ ತೊಂದರೆಯಿದ್ದ ಭಾವಮೈದುನನಿಗೆ ಅವರ ನಂಬರ್ ಕೊಟ್ಟೆ.

ಮೂರು ವಾರ ಕಳೆದು, ಇನ್ನೊಂದು ಕಾಲಿಗೂ ಬಂದಾಗ, ಹೆಂಡತಿ ನನ್ನನ್ನು ಬಲವಂತದಿಂದ ಹಳೆಯ ವೈದ್ಯರ ಬಳಿ ಕರೆದುಕೊಂಡು ಹೋದಳು. ಊತ ಇಳಿದ ಮೇಲೆ ಅವರು ಮತ್ತೆ ಪರೀಕ್ಷೆ ಮಾಡಿಸಿದರು. 9.6. ಅವರು ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. ಗೌಟಿನ ನೋವು ಜೋರಾಗಿರುವ ದಿನಗಳಲ್ಲಿ ರಕ್ತದಲ್ಲಿನ ಯೂರಿಕ್ ಆಸಿಡ್ ಎಷ್ಟೋ ಜನರಿಗೆ ಕಡಿಮೆಯಾಗಿಯೇ ಕಾಣುತ್ತದಂತೆ. ಆಗ ಬಂದ ಅಂಕಿಯನ್ನು ನಂಬುವಂತಿಲ್ಲ, ನೋವು ಇಳಿದು ಎರಡು ಮೂರು ವಾರದ ಬಳಿಕ ನೋಡಬೇಕು. ಮಾತ್ರೆ ಹೊಸದಾಗಿ ಶುರುಮಾಡಿದಾಗ ಹಳೆಯ ಹರಳು ಕರಗುತ್ತ ಕೆಲವೊಮ್ಮೆ ನೋವು ಬರುವುದು ನಿಜ, ಅದಕ್ಕೇ ಮೊದಲ ಕೆಲವು ತಿಂಗಳು ಜೊತೆಗೆ ಊತ, ನೋವು ತಡೆಯುವ ಕಾಲ್ಚಿಸಿನ್ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ಆ ನಿಜವನ್ನೇ ಇವನು ‘ವಿಷ ಹೊರಗೆ ಬರುತ್ತಿದೆ’ ಎಂದು ತಿರುಚಿ ನನ್ನ ತಲೆಗೆ ಕಟ್ಟಿದ್ದ.

ಪಥ್ಯದ ಹಾಳೆ ನೋಡಿ ಅವರು ತಲೆ ಚಚ್ಚಿಕೊಂಡರು. ಮೊಸರು ಮಜ್ಜಿಗೆ ಗೌಟಿನವರಿಗೆ ಒಳ್ಳೆಯದು. ಬೇಳೆ, ಸೊಪ್ಪಿನಿಂದ ಮಾಂಸದಿಂದಾಗುವಷ್ಟು ತೊಂದರೆಯಿಲ್ಲ. ದಿನಕ್ಕೆ ಆರು ಚಮಚ ಜೇನು ಎಂದರೆ ಅದರಲ್ಲಿರುವ ಫ್ರಕ್ಟೋಸ್ ಎಂಬ ಸಕ್ಕರೆ ಯೂರಿಕ್ ಆಸಿಡ್ ಅನ್ನು ಏರಿಸುತ್ತದೆ. ನೀರಿಲ್ಲದ ಉಪವಾಸವೂ ಏರಿಸುತ್ತದೆ. ದೇಹದಲ್ಲಿರುವ ಯೂರಿಕ್ ಆಸಿಡ್‌ನ ಮೂರರಲ್ಲಿ ಎರಡು ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ, ಊಟದ್ದು ಉಳಿದ ಒಂದು ಪಾಲು. ಪಥ್ಯವೊಂದರಿಂದಲೇ 9ರಿಂದ 6ಕ್ಕೆ ಇಳಿಸುವುದು ಬಹುತೇಕ ಆಗದ ಮಾತು. ಸುಮಾರು 6.8 ದಾಟಿದರೆ ರಕ್ತ ಪರ್ಯಾಪ್ತ ದ್ರಾವಣವಾಗುತ್ತದೆ. ದೇಹದಲ್ಲಿ ತಣ್ಣಗಿರುವುದು ಕಾಲಿನ ತುದಿ, ಹರಳು ಹೆಚ್ಚಾಗಿ ಅಲ್ಲಿಯೇ ಮೊದಲು ಕಟ್ಟುತ್ತದೆ. ಇಷ್ಟನ್ನು ನನಗೆ ಬೇರೆಯವರು ಹೇಳಬೇಕಾಯಿತೇ? ಅದು ನಾನು ಮಕ್ಕಳಿಗೆ ಮಾಡುವ ಪಾಠ.

ಇಷ್ಟಾದರೂ, ಅಜ್ಞಾನದಿಂದ ಹೇಳಿರಬಹುದು, ಮೋಸವಿರಲಿಕ್ಕಿಲ್ಲ ಎಂದುಕೊಂಡಿದ್ದೆ. ಅದೇ ವಾರ ಭಾವಮೈದುನ ಒಂದು ಫೋಟೊ ಕಳಿಸಿದ. ‘ಭಾವ, ನೀವು ಹೇಳಿದವರು ಇದನ್ನು ಕಳಿಸಿದ್ದಾರೆ. ಒಬ್ಬ ಮೇಷ್ಟ್ರಿಗೆ ಅರವತ್ತೇ ದಿನದಲ್ಲಿ ಪೂರ್ತಿ ಗುಣವಾಗಿದೆಯಂತೆ. ಹಣ ಹಾಕಲೇ?’

ಎರಡು ರಿಪೋರ್ಟುಗಳನ್ನು ಅಕ್ಕಪಕ್ಕ ಜೋಡಿಸಿದ್ದರು. ಎಡಗಡೆ 9.2, ‘ಮೊದಲು’. ಬಲಗಡೆ 6.3, ‘ನಂತರ’. ಹೆಸರನ್ನೂ ತಾರೀಖನ್ನೂ ಕತ್ತರಿಸಿದ್ದರು. 6.3ರ ಸುತ್ತ ಕೆಂಪು ಶಾಯಿಯ ಸುತ್ತು, ಕೊನೆಯಲ್ಲಿ ಪೆನ್ನು ಜಾರಿ ಎಳೆದ ಸಣ್ಣ ಬಾಲ ಸಹಿತ. ಮಲಗಿಕೊಂಡು ಬರೆದದ್ದರಿಂದ ಜಾರಿದ ಬಾಲ ಅದು. ಮೂರು ವರ್ಷದ ಹಿಂದಿನ, ಮಾತ್ರೆ ಶುರುವಾಗುವ ಮುಂಚಿನ ರಿಪೋರ್ಟು ಅವರ ‘ಮೊದಲು’. ನಾನು ನರಳುತ್ತಿದ್ದ ದಿನದ ರಿಪೋರ್ಟು ಅವರ ‘ನಂತರ’. ಮಧ್ಯೆ 5.4ಕ್ಕೆ ಇಳಿಸಿದ ಎರಡು ವರ್ಷದ ಮಾತ್ರೆಯ ಸುದ್ದಿಯೇ ಇಲ್ಲ. ನನ್ನ ನೋವನ್ನೇ ತೋರಿಸಿ ನನ್ನ ಮನೆಯವನಿಗೇ ಪುಡಿ ಮಾರಲು ಹೊರಟಿದ್ದರು. ಫೋನ್ ಹಿಡಿದ ಕೈ ನಡುಗಿತು.

ಕರೆ ಮಾಡಿ ಕೇಳಿದೆ. ಉತ್ತರಗಳನ್ನು ಇದ್ದ ಹಾಗೆಯೇ ಬರೆಯುತ್ತೇನೆ. ‘ಅದು ನಿಮ್ಮದೇ ಎಂದು ಎಲ್ಲಿ ಬರೆದಿದೆ ಸರ್?’ ಕೆಂಪು ಸುತ್ತು ನನ್ನದು ಎಂದೆ. ‘ಹೆಸರು ತೆಗೆದೇ ಹಾಕಿದ್ದೇವಲ್ಲ, ನಿಮ್ಮ ಗೌರವಕ್ಕೆ ಧಕ್ಕೆ ಬಂದಿಲ್ಲ.’ ನನಗೆ ಗುಣವಾಗಿಲ್ಲ, ಈಗ 9.6 ಇದೆ ಎಂದೆ. ‘ಇಂಗ್ಲಿಷ್ ಡಾಕ್ಟರ ಹತ್ತಿರ ಹೋದಿರಾ? ಹಾಗಾದರೆ ನಮ್ಮ ಹೊಣೆ ಮುಗಿಯಿತು.’ ಹಣ ವಾಪಸ್ ಕೊಡಿ ಎಂದೆ. ‘ಪಥ್ಯ ತಪ್ಪಿದವರಿಗೆ ಹಣ ವಾಪಸ್ ಇಲ್ಲ.’ ಮತ್ತೆ ಅದೇ ಪಥ್ಯ! ಆ ಮೇಲೆ ನನ್ನ ನಂಬರನ್ನೇ ತಡೆಹಿಡಿದರು.

ಆಯುರ್ವೇದದ ಮೇಲೆ ನನಗೆ ಸಿಟ್ಟಿಲ್ಲ. ಗೌಟಿಗೆ ವಾತರಕ್ತವೆಂದು ಹೆಸರಿಟ್ಟು, ಅಮೃತಬಳ್ಳಿಯಂಥ ಮೂಲಿಕೆ ಕೊಟ್ಟು ಚಿಕಿತ್ಸೆ ಮಾಡುವ ವೈದ್ಯರು ನಮ್ಮ ಊರಿನಲ್ಲಿಯೇ ಇದ್ದಾರೆ. ಅವರು ಕಾಲು ಮುಟ್ಟಿ ನೋಡುತ್ತಾರೆ, ಚೀಟಿಯ ಮೇಲೆ ತಮ್ಮ ಹೆಸರು ಬರೆಯುತ್ತಾರೆ. ಇವರಿಗೆ ಹೆಸರೂ ಇಲ್ಲ, ವಿಳಾಸವೂ ಇಲ್ಲ.

ಪೊಟ್ಟಣದ ಮೇಲೆ ಪರವಾನಗಿ ಸಂಖ್ಯೆಯಿಲ್ಲದ ಪುಡಿಯನ್ನು ಬಾಯಿಗೆ ಹಾಕಬೇಡಿ. ಯಾರಿಗೂ ರಿಪೋರ್ಟಿನ ಫೋಟೊ ಕಳಿಸಬೇಡಿ. ನೀರು ಚೆನ್ನಾಗಿ ಕುಡಿಯಿರಿ, ಮಜ್ಜಿಗೆ ಕುಡಿಯಿರಿ, ಲಿವರ್, ಬೋಟಿ, ಬಿಯರ್ ಬಿಡಿ, ಆದರೆ ಮಾತ್ರೆ ಬಿಡಬೇಡಿ. ಹಣ ಹೋಗಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ನಾನೂ ದೂರು ಕೊಟ್ಟಿದ್ದೇನೆ. ಎರಡನೆಯ ಕೋರ್ಸಿನ ಪೊಟ್ಟಣವನ್ನು ಒಡೆಯದೆ ಇಟ್ಟುಕೊಂಡಿದ್ದೇನೆ.

ಭಾವಮೈದುನ ಹಣ ಹಾಕಲಿಲ್ಲ. ಆದರೆ ಆ ಫೋಟೊ ಇನ್ನೂ ಓಡಾಡುತ್ತಿದೆ. 6.3ರ ಸುತ್ತ ಕೆಂಪು ಶಾಯಿಯ ಸುತ್ತು, ಕೊನೆಗೊಂದು ಬಾಲ ಇರುವ ರಿಪೋರ್ಟ್ ನಿಮ್ಮ ಮೊಬೈಲಿಗೆ ಬಂದರೆ ಅದು ನನ್ನದು. ಆ ದಿನ ನಾನು ಮಗನ ಹೆಗಲು ಹಿಡಿಯದೆ ಬಚ್ಚಲಿಗೂ ಹೋಗಲಾಗದೆ ಮಲಗಿದ್ದೆ.