ಮಾಜಿ ಸೈನಿಕರ ಮತ: ಯೋಧ ಅಭ್ಯರ್ಥಿಗೋ, ಕಡತ ಬಲ್ಲವರಿಗೋ?

ಕೊಡಗಿನಂಥ ಕಡೆ ಚುನಾವಣೆ ಬಂತೆಂದರೆ ನಿವೃತ್ತ ಯೋಧರ ಮನೆ ಬಾಗಿಲಿಗೆ ಎಲ್ಲರೂ ಬರುತ್ತಾರೆ. ಆಯ್ಕೆ ಹೇಗೆ?

ಸಮವಸ್ತ್ರ ತೊಟ್ಟು ಬಂದ ಅಭ್ಯರ್ಥಿಗೆ ಗಡಿಯ ಚಳಿ, ರಜೆ ಸಿಗದ ಸಂಕಟ ವಿವರಿಸಬೇಕಿಲ್ಲ. ಅದು ದೊಡ್ಡ ಅನುಕೂಲ. ಆದರೆ ಪಕ್ಷದ ಎದುರು ಬಾಯಿ ಬಿಡುತ್ತಾರಾ? ನಿವೃತ್ತ ಮೇಜರ್ ಜನರಲ್ ಬಿ.ಸಿ. ಖಂಡೂರಿ ಬಿಟ್ಟಿದ್ದರು: 2018ರಲ್ಲಿ ಅವರ ಅಧ್ಯಕ್ಷತೆಯ ಸಂಸದೀಯ ರಕ್ಷಣಾ ಸ್ಥಾಯಿ ಸಮಿತಿ, ಸೇನೆಗೆ ಹಣ ಸಾಲುತ್ತಿಲ್ಲವೆಂದು ಅವರದೇ ಪಕ್ಷದ ಸರ್ಕಾರಕ್ಕೆ ವರದಿ ಕೊಟ್ಟಿತು. ಅಂಥವರು ಸಿಕ್ಕರೆ ಬಿಡಬೇಡಿ.

ಸೇನೆ ಕಾಣದವರು ಸೆಲ್ಯೂಟ್ ತಪ್ಪಾಗಿ ಹೊಡೆದರೂ ಚಿಂತೆಯಿಲ್ಲ. ಸೇನೆ ಬಿಡುವಾಗ ಕೊಡುವ ಡಿಸ್ಚಾರ್ಜ್ ಪುಸ್ತಕದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಇದ್ದು ಕುಟುಂಬ ಪಿಂಚಣಿ ನಿಂತ ವಿಧವೆಯ ಅರ್ಜಿಯನ್ನು ಹಿಂದೆ ಬಿದ್ದು ಮಾಡಿಸಿಕೊಟ್ಟಿದ್ದಾರಾ? ಸರ್ಕಾರದಿಂದ ಬಿಲ್ ಬಾಕಿಯೆಂದು ಆಸ್ಪತ್ರೆ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ವಾಪಸ್ ಕೊಟ್ಟಾಗ ದನಿ ಎತ್ತಿದ್ದಾರಾ? ನನ್ನ ಮತ ಇಂಥವರ ಕಡೆಗೇ ವಾಲುತ್ತದೆ.

ಯಾವ ಚುನಾವಣೆ ಎಂಬುದೂ ಮುಖ್ಯ. ಪಿಂಚಣಿ, ಇಸಿಎಚ್‌ಎಸ್, ಅಗ್ನಿಪಥ (ಅಗ್ನಿವೀರರನ್ನು 4 ವರ್ಷಕ್ಕೆ ಸೇನೆಗೆ ಸೇರಿಸುವ ಯೋಜನೆ) ದೆಹಲಿಯ ವಿಷಯ. ಲೋಕಸಭಾ ಅಭ್ಯರ್ಥಿಯನ್ನು ಕೇಳಿ. 2014ರ ಜುಲೈ 1ರಿಂದ ಅನ್ವಯವಾದ ಸಮಾನ ಶ್ರೇಣಿ–ಸಮಾನ ಪಿಂಚಣಿ 5 ವರ್ಷಕ್ಕೊಮ್ಮೆ ಪರಿಷ್ಕರಣೆಯಾಗಬೇಕು. 4 ವರ್ಷದ ಬಳಿಕ ಅಗ್ನಿವೀರರಲ್ಲಿ ಶೇ 25ರವರೆಗೆ ಮಾತ್ರ ಉಳಿಯುತ್ತಾರೆ. ಮಿಕ್ಕ ಹುಡುಗರಿಗೆ ಏನು ಯೋಜನೆ? ಜಮೀನು ಮಂಜೂರಾತಿ, ರಾಜ್ಯ ನೌಕರಿಯ ಮೀಸಲಾತಿ ವಿಧಾನಸಭಾ ಅಭ್ಯರ್ಥಿಗೆ ಕೇಳುವ ಮಾತು.

ಹಾಲಿ ಸಂಸದರೇ ನಿಂತಿದ್ದರೆ, ಅವರು ಕೇಳಿದ ಪ್ರಶ್ನೆಗಳು ಲೋಕಸಭೆಯ ಜಾಲತಾಣದಲ್ಲೇ ಇವೆ. ಮೊದಲು ಅದನ್ನು ನೋಡಿ.