ಉತ್ತರ ವೇಲ್ಸ್ ಒಂದೇ ದಿನದಲ್ಲಿ: ಗೈಡ್ ಬಸ್ಸೋ, ರೈಲೋ?

ಮ್ಯಾಂಚೆಸ್ಟರಿನಿಂದ ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಉತ್ತರ ವೇಲ್ಸ್ ನೋಡಿ ಬರಬಹುದು. ಅಮ್ಮ ಬೆಂಗಳೂರಿನಿಂದ ಬಂದಿದ್ದಾಗ ಗೈಡ್ ಇದ್ದ ಮಿನಿಬಸ್ಸಿನಲ್ಲಿ ಹೋದೆವು. ಅವರು ಊರಿಗೆ ಮರಳಿದ ಮೇಲೆ ಗೆಳತಿಯ ಜೊತೆ ರೈಲಿನಲ್ಲಿ ಹೋದೆ. ದುಡ್ಡಿನಲ್ಲಿ ದೊಡ್ಡ ವ್ಯತ್ಯಾಸವೇನಿಲ್ಲ. ನನ್ನ ಪ್ರಕಾರ ಬೆಟ್ಟ ನೋಡಲು ಬಸ್ಸು, ಕೋಟೆ ನೋಡಲು ರೈಲು.

ಬಸ್ಸಿನವರು ಕಾನ್ವಿ ಕೋಟೆಗೆ ಕೊಟ್ಟಿದ್ದು ಒಂದು ಗಂಟೆಯ ಮೇಲೆ ಸ್ವಲ್ಪ. ಪ್ರವೇಶದ ಟಿಕೆಟ್ ಟೂರ್ ದರದಲ್ಲಿ ಸೇರಿರಲಿಲ್ಲ, ಸರದಿಯಲ್ಲೇ ಒಂದಿಷ್ಟು ಹೊತ್ತು ಹೋಯಿತು. ಎಂಟು ದೊಡ್ಡ ಗೋಪುರಗಳಲ್ಲಿ ನಾನು ಹತ್ತಿದ್ದು ಒಂದೇ. ಸುತ್ತು ಮೆಟ್ಟಿಲು ಇಕ್ಕಟ್ಟು, ಸವೆದು ನುಣುಪಾಗಿದೆ. ಎದುರಿಗೆ ಯಾರಾದರೂ ಇಳಿದು ಬಂದರೆ ಗೋಡೆಗೆ ಅಂಟಿ ನಿಲ್ಲಬೇಕು. ಮಂಡಿನೋವಿನ ಅಮ್ಮ ಒಳ ಅಂಗಳದಲ್ಲೇ ಕೂತು ಪುಳಿಯೋಗರೆ ಡಬ್ಬಿ ತೆಗೆದರು. ಕರ್ನಾರ್ವನ್ ಕೋಟೆಯದೂ ಇದೇ ಕಥೆ.

ಆದರೆ ಆ ಗೈಡ್ ಇಲ್ಲದಿದ್ದರೆ ನಮಗೆ ಅದು ಬರೀ ಕಲ್ಲಿನ ಕಟ್ಟಡ. ಆತ ವೇಲ್ಸ್‌ನವನೇ. 1282ರಲ್ಲಿ ವೇಲ್ಸ್ ರಾಜಕುಮಾರ ಲ್ಯುವೆಲಿನ್ ಸತ್ತದ್ದು, ಮರುವರ್ಷವೇ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ಈ ಕೋಟೆಗಳ ಕೆಲಸ ಶುರುಮಾಡಿದ್ದು, ಎಲ್ಲವನ್ನೂ ಗೆದ್ದವರ ಕಡೆಯಿಂದಲ್ಲ, ಸೋತವರ ಕಡೆಯಿಂದ ಹೇಳಿದ. 1401ರ ಗುಡ್ ಫ್ರೈಡೆಯಂದು ಕಾವಲಿನವರು ಚರ್ಚಿಗೆ ಹೋಗಿದ್ದಾಗ ಇಂಗ್ಲಿಷರ ವಿರುದ್ಧ ಬಂಡೆದ್ದ ವೇಲ್ಸ್‌ನ ಟ್ಯೂಡರ್ ಸೋದರರ ಕಡೆಯವರು ಬಡಗಿಗಳ ವೇಷದಲ್ಲಿ ಕಾನ್ವಿಯ ಒಳಹೊಕ್ಕರಂತೆ. ಇದನ್ನು ಕೇಳಿ ಅಮ್ಮ, "ಇಷ್ಟು ದೊಡ್ಡ ಕೋಟೆ ಕಟ್ಟಿ ಬಾಗಿಲು ಕಾಯೋಕೆ ಆಗಲಿಲ್ವಾ!" ಅಂದರು.

ಬಸ್ಸು ನಿಜವಾಗಿ ಗೆದ್ದಿದ್ದು ಮಧ್ಯಾಹ್ನ, ಲ್ಯಾನ್‌ಬೆರಿಸ್ ಕಣಿವೆಯಲ್ಲಿ. ಒಂದು ಕಡೆ ಸರೋವರ, ಆಚೆ ದಡದಲ್ಲಿ 1969ರಲ್ಲಿ ಮುಚ್ಚಿದ ಡಿನೋರ್ವಿಗ್ ಸ್ಲೇಟ್ ಗಣಿಯ ನೀಲಿಗಪ್ಪು ಹಂತಗಳು, ಗುಡ್ಡದ ಮೇಲೆ ಡಾಲ್‌ಬದಾರ್ನ್ ಕೋಟೆಯ ಒಂಟಿ ದುಂಡು ಗೋಪುರ. ಇದು ಎಡ್ವರ್ಡನದಲ್ಲ, ವೇಲ್ಸ್ ರಾಜರೇ ಕಟ್ಟಿಸಿದ್ದು. ಅಲ್ಲಿಂದ ಮುಂದೆ ರಸ್ತೆ ಕಿರಿದಾಗುತ್ತದೆ, ಎರಡೂ ಬದಿ ಮನೆಯಷ್ಟು ದೊಡ್ಡ ಬಂಡೆಗಳು ಉರುಳಿ ಬಿದ್ದಿವೆ, ನಡುವೆ ಕುರಿಗಳು. ವೇಲ್ಸ್‌ನ ಅತಿ ಎತ್ತರದ ಬೆಟ್ಟ ಸ್ನೋಡನ್ ಇಲ್ಲೇ ಇದೆ, ಎತ್ತರ 1,085 ಮೀಟರ್. ಮುಳ್ಳಯ್ಯನಗಿರಿ ಕಂಡವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಬುಡದ ಊರು ಸಮುದ್ರಮಟ್ಟಕ್ಕಿಂತ ನೂರು ಮೀಟರಿನಷ್ಟೇ ಮೇಲಿರುವುದರಿಂದ ಬೆಟ್ಟದ ಪೂರ್ತಿ ಎತ್ತರ ಕಣ್ಣೆದುರೇ ಎದ್ದು ನಿಲ್ಲುತ್ತದೆ. ಡ್ರೈವರ್ ಕೂಡ ಅಲ್ಲಿ ಆತುರ ಮಾಡಲಿಲ್ಲ.

ರೈಲಿನಲ್ಲಿ ಹೋದರೆ ಚೆಸ್ಟರ್ ದಾಟಿದ ಮೇಲೆ ಬಲಗಡೆ ಕಿಟಕಿ ಹಿಡಿಯಿರಿ, ಬಹುದೂರ ನೀರೇ ಜೊತೆಗಿರುತ್ತದೆ. ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್ 1848ರಲ್ಲಿ ಕಟ್ಟಿದ ಕೊಳವೆ ಸೇತುವೆಯೊಳಗೆ ನುಗ್ಗಿ ರೈಲು ಕೋಟೆಯ ಗೋಡೆಯ ಬುಡದಲ್ಲೇ ಹೊರಬರುತ್ತದೆ. ಕಾನ್ವಿ ನಿಲ್ದಾಣ ಇರುವುದು ಊರಗೋಡೆಯ ಒಳಗೆ. ಪುಟ್ಟ ನಿಲ್ದಾಣ, ಇಳಿಯುವುದಿದ್ದರೆ ಕಂಡಕ್ಟರಿಗೆ ಮೊದಲೇ ಹೇಳಿರಬೇಕು. ಈ ಸಲ ಕೋಟೆಯಲ್ಲಿ ಅರ್ಧ ದಿನ ಕಳೆದೆವು. ಚಾಪೆಲ್ ಗೋಪುರದ ಒಳಗೋಡೆಯಲ್ಲಿ ಕೊರೆದ ಸಣ್ಣ ಪ್ರಾರ್ಥನಾ ಕೋಣೆ ಬಸ್ಸಿನ ದಿನ ಕಣ್ಣಿಗೇ ಬಿದ್ದಿರಲಿಲ್ಲ. ಆಮೇಲೆ ಊರಗೋಡೆಯ ಮೇಲೆ ನಡೆದೆವು. ಸುಮಾರು 1.3 ಕಿಲೋಮೀಟರ್ ಉದ್ದ, 21 ಗೋಪುರ, ದುಡ್ಡಿಲ್ಲ.

ಬೆಟ್ಟಕ್ಕೆ ಮಾತ್ರ ತಲುಪಲಾಗಲಿಲ್ಲ. ಲ್ಯಾಂಡಡ್ನೊ ಜಂಕ್ಷನ್ನಿನಿಂದ ಬೆಟ್ಟದ ಕಡೆಯ ಊರಾದ ಬೆಟುಸ್‌ಗೆ ಹೋಗುವ ರೈಲುಗಳು ಕಡಿಮೆ, ಅಲ್ಲಿಂದ ಮತ್ತೆ ಬಸ್ಸು; ಒಂದು ತಪ್ಪಿದರೆ ದಿನವೇ ಮುಗಿದಂತೆ.

ನಾವು ಹೋದ ಎರಡೂ ದಾರಿಗೆ ಸಿಗದ, ಆದರೆ ಕನ್ನಡಿಗರು ನೋಡಲೇಬೇಕಾದ ಕೋಟೆ ಪೊವಿಸ್. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದ್ರಾಸಿನ ಗವರ್ನರ್ ಆಗಿದ್ದವನು ರಾಬರ್ಟ್ ಕ್ಲೈವನ ಮಗ ಎಡ್ವರ್ಡ್. ಟಿಪ್ಪುವಿನ ಹೂಬಳ್ಳಿ ಚಿತ್ತಾರದ ಡೇರೆ, ಸಿಂಹಾಸನದ ಚಿನ್ನದ ಹುಲಿತಲೆಗಳಲ್ಲಿ ಒಂದು ಆ ಮನೆತನದ ಪಾಲಾಗಿ ಅಲ್ಲಿವೆ. ಅದಕ್ಕೆ ಬೇರೆಯೇ ಒಂದು ದಿನ ಇಡಿ: ಶ್ರೂಸ್‌ಬರಿಯಲ್ಲಿ ರೈಲು ಬದಲಿಸಿ ವೆಲ್ಷ್‌ಪೂಲ್‌ನಲ್ಲಿ ಇಳಿದರೆ ಕೋಟೆಗೆ ನಡೆದೇ ಹೋಗಬಹುದು.