ಇಂಕ್ ತುಂಬಿಸಿ ಕೊಡ್ತೀವಿ ಅಂದ್ರೆ ಬೇಡ ಅನ್ನಿ

ದಾವಣಗೆರೆಯಲ್ಲಿ ಪ್ರಿಂಟರ್ ತಗೋಬೇಕು ಅಂತಿರುವವರು ಇದನ್ನು ಓದಿ. ಅಂಗಡಿಯವರು "ನಾವೇ ಇಂಕ್ ತುಂಬಿಸಿ ರೆಡಿ ಮಾಡಿ ಕೊಡ್ತೀವಿ" ಅಂದರೆ ದಯವಿಟ್ಟು ಬೇಡ ಅನ್ನಿ. ನಾನು ಹೂಂ ಅಂದೆ. 14,500 ರೂಪಾಯಿ ಕೊಟ್ಟು, ಯಾರೋ ಬಳಸಿ ಬಿಟ್ಟ ಪ್ರಿಂಟರನ್ನು ಹೊಸದು ಅಂತ ಮನೆಗೆ ತಂದೆ. ಬರೆಯೋಕೂ ನಾಚಿಕೆ ಆಗುತ್ತಿದೆ. ನಮ್ಮ ಕಡೆ ಯಾರು ಮಿಕ್ಸಿ ತಗೊಂಡರೂ ನನ್ನನ್ನು ಕೇಳಿಯೇ ತಗೊಳ್ಳೋದು!

ವಿದ್ಯಾನಗರದ ಮನೆಯಲ್ಲೇ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಟ್ಯೂಷನ್ ಹೇಳುತ್ತೇನೆ. ಪ್ರಶ್ನೆಪತ್ರಿಕೆ ಜೆರಾಕ್ಸ್‌ಗೆ ತಿಂಗಳಿಗೆ ಸಾವಿರದ ಮೇಲೆ ಹೋಗುತ್ತಿತ್ತು. ಅದಕ್ಕೆ ಪ್ರಿಂಟ್, ಸ್ಕ್ಯಾನ್, ಕಾಪಿ ಮೂರೂ ಇರುವ ವೈಫೈ ಪ್ರಿಂಟರ್ ತಗೊಳ್ಳೋಣ ಅಂದುಕೊಂಡೆ. ಕಾರ್ಟ್ರಿಡ್ಜ್‌ನದು ಬೇಡ, ಬಾಟ್ಲಿಯಿಂದ ತುಂಬಿಸುವ ಇಂಕ್ ಟ್ಯಾಂಕ್‌ದೇ ಆಗಬೇಕು ಅನ್ನುವಷ್ಟು ತಿಳಿದುಕೊಂಡಿದ್ದೆ. ಕಾರ್ಟ್ರಿಡ್ಜ್ ಪ್ರಿಂಟರ್ ಅಗ್ಗಕ್ಕೆ ಸಿಗುತ್ತೆ, ಆಮೇಲೆ ಇಂಕಿನಲ್ಲೇ ದುಡ್ಡು ಹೋಗುತ್ತೆ. ಎಷ್ಟು ಬುದ್ಧಿವಂತೆ ನೋಡಿ ನಾನು.

ಪೇಟೆಯ ಒಂದು ಅಂಗಡಿಗೆ ಹೋದೆವು. ಹೆಸರು ಹೇಳಲ್ಲ. ಹುಡುಗ ತುಂಬಾ ಮರ್ಯಾದೆಯಿಂದ ಮಾತಾಡಿದ. "ಇಂಕ್ ಹಾಕೋದು ಸೂಕ್ಷ್ಮ ಕೆಲಸ ಮೇಡಂ, ಹೆಣ್ಮಕ್ಕಳು ಚೆಲ್ಲಿಕೊಂಡು ಬಿಡ್ತಾರೆ, ನಾವೇ ಹಾಕಿ ಕೊಡ್ತೀವಿ" ಅಂದ. ಆಗಲೇ ಎದ್ದು ಬರಬೇಕಿತ್ತು. ಡಬ್ಬವನ್ನು ಒಳಗೆ ತಗೊಂಡು ಹೋದ. ನಮಗೆ ಟೀ ತರಿಸಿಕೊಟ್ಟರು. ಟೀ ಮುಗಿಯೋದರೊಳಗೆ ವಾಪಸ್ ಬಂದ. ನಾಲ್ಕೂ ಟ್ಯಾಂಕ್ ತುಂಬಿತ್ತು. ಖಾಲಿ ಬಾಟ್ಲಿ ಎಲ್ಲಿ ಅಂದಿದ್ದಕ್ಕೆ "ಎಸೆದ್ವಿ ಮೇಡಂ, ಕೈ ಕಪ್ಪಾಗುತ್ತೆ" ಅಂದ.

ಈಗ ಗೊತ್ತಾಗಿದೆ. ಹೊಸ ಡಬ್ಬ ಬಿಚ್ಚಿದಾಗ ಟ್ಯಾಂಕ್ ಒಣಗಿರಬೇಕು. ಇಂಕ್ ಬಾಟ್ಲಿಗಳು ಸೀಲ್ ಆಗಿ ಬೇರೆಯೇ ಇರಬೇಕು. ಮೊದಲ ಸಲ ತುಂಬಿದಾಗ ಪ್ರಿಂಟರ್ ಆ ಇಂಕನ್ನು ಪೈಪಿನೊಳಗೆ ಎಳೆದುಕೊಳ್ಳೋಕೆ ಹತ್ತು ನಿಮಿಷದ ಹತ್ತಿರ ಗುರ್ ಅನ್ನುತ್ತೆ. ನಮ್ಮದು ಒಂದು ಕಪ್ ಟೀಗೆ ರೆಡಿ. ಆಗ ಹೊಳೆಯಲೇ ಇಲ್ಲ.

ಬಿಲ್ಲು? ಅದೂ ನನ್ನದೇ ತಪ್ಪು. "ಬಿಲ್ ಬೇಡ ಅಂದ್ರೆ ಸಾವಿರ ಬಿಡ್ತೀವಿ" ಅಂದರು. ಬಿಟ್ಟರು. ಕೈಬರಹದ ಎಸ್ಟಿಮೇಟ್ ಚೀಟಿ ಕೊಟ್ಟರು. ಅದರಲ್ಲಿ ಸೀರಿಯಲ್ ನಂಬರೇ ಇಲ್ಲ. ಸಾವಿರದ ಆಸೆ!

ಮನೆಗೆ ತಂದರೆ ವೈಫೈ ಹಿಡಿಯಲಿಲ್ಲ. ಅದು ಅಂಗಡಿಯವರ ತಪ್ಪಲ್ಲ, ನ್ಯಾಯವಾಗಿ ಹೇಳಬೇಕಲ್ವಾ. ಇಂಥ ಪ್ರಿಂಟರ್‌ಗಳು ಬಹಳಷ್ಟು 2.4 ಗಿಗಾಹರ್ಟ್ಸ್ ವೈಫೈಯನ್ನು ಮಾತ್ರ ಹಿಡಿಯುತ್ತವೆ. ನಮ್ಮ ಮನೆಯ 5 ಗಿಗಾಹರ್ಟ್ಸ್ ವೈಫೈ ಅದಕ್ಕೆ ಕಾಣಲೇ ಇಲ್ಲ. ಮಗ ಸರಿ ಮಾಡಿದ. ಆದರೆ ಮೊದಲ ಪ್ರಶ್ನೆಪತ್ರಿಕೆ ತೆಗೆದರೆ ಅಕ್ಷರದ ಮಧ್ಯೆ ಬಿಳಿ ಗೆರೆ. ಭಾಗಾಕಾರದ ಗೆರೆ ಯಾವುದು, ಪ್ರಿಂಟರ್ ಗೆರೆ ಯಾವುದು ಗೊತ್ತಾಗಲ್ಲ. ಫೋನ್ ಮಾಡಿದೆ. "ಹೆಡ್ ಕ್ಲೀನಿಂಗ್ ಕೊಡಿ ಮೇಡಂ." ಅಂದರೆ ಹಾಳೆಗೆ ಇಂಕ್ ಸಿಂಪಡಿಸುವ ಭಾಗವನ್ನು ಪ್ರಿಂಟರೇ ತೊಳೆದುಕೊಳ್ಳೋದು. ಕೊಟ್ಟೆ. ಮೂರು ಸಲ ಕೊಟ್ಟೆ. ಪ್ರತಿ ಸಲವೂ ಟ್ಯಾಂಕ್‌ನಲ್ಲಿ ಇಂಕ್ ಇಳಿಯಿತು, ಗೆರೆ ಹೋಗಲಿಲ್ಲ. ಈ ಕ್ಲೀನಿಂಗ್‌ನಲ್ಲಿ ಹೋಗೋ ಇಂಕ್ ಎಲ್ಲಾ ಒಳಗಿನ ಒಂದು ಪ್ಯಾಡಿಗೆ ಸೇರುತ್ತೆ. ಆ ಪ್ಯಾಡ್ ತುಂಬಿದರೆ ಪ್ರಿಂಟರ್ ನಿಂತೇ ಹೋಗುತ್ತೆ. ಇದನ್ನು ಯಾರೂ ಹೇಳಲ್ಲ.

ಅವತ್ತು ರಾತ್ರಿ ಮಗ ಸುಮ್ನೆ ಸೆಟ್ಟಿಂಗ್ಸ್ ಹುಡುಕುತ್ತಾ ಕೂತಿದ್ದ. ಪ್ರಿಂಟರಿನ ಸ್ಟೇಟಸ್ ಪುಟ ತೆಗೆದ. ನೋಡಿದ. ಏನೂ ಮಾತಾಡದೆ ಹಾಳೆಯನ್ನು ನನ್ನ ಕೈಗೆ ಕೊಟ್ಟ. ಒಟ್ಟು ಪುಟ: 2,317.

ನಾನು ತೆಗೆದಿದ್ದು ಹನ್ನೊಂದು ಪುಟ.

ಮತ್ತೆ ಓದಿದೆ. ಕನ್ನಡಕ ಹಾಕಿಕೊಂಡು ಓದಿದೆ. 2,317. ಮಗ "ಅಮ್ಮಾ, ಬಿಡು" ಅಂದ. ಅವನು ಬಿಡು ಅಂದಿದ್ದೇ ಜಾಸ್ತಿ ಉರಿಯಿತು.

ಬೆಳಗ್ಗೆ ಅಂಗಡಿ ತೆಗೆಯೋ ಹೊತ್ತಿಗೆ ಹಾಳೆ ಹಿಡಿದು ಹೋದೆ. ಅವರ ಉತ್ತರಗಳನ್ನು ಹಾಗೇ ಬರೆಯುತ್ತೇನೆ. ಮೊದಲು: "ಅದು ಕಂಪನಿ ಟೆಸ್ಟಿಂಗ್ ಪ್ರಿಂಟ್ ಮೇಡಂ." ಎರಡು ಸಾವಿರ ಪುಟ ಟೆಸ್ಟಿಂಗಾ ಅಂದೆ. ಆಮೇಲೆ: "ಅದರಲ್ಲಿ ಸ್ಕ್ಯಾನ್ ಲೆಕ್ಕಾನೂ ಸೇರಿರುತ್ತೆ." ಆಮೇಲೆ: "ನಿಮ್ಮ ಮಗ ಏನೋ ಒತ್ತಿರಬೇಕು." ಒಂದು ಬಟನ್ ಒತ್ತಿ ಎರಡು ಸಾವಿರ ಪುಟ ತೆಗೆಯೋ ಹಾಗಿದ್ದರೆ ಪ್ರೆಸ್ಸೇ ಇಡಬಹುದಿತ್ತು. ಕೊನೆಗೆ ಯಜಮಾನರು ಬಂದರು. ಅವರ ಮಾತು ಕೇಳಿ: "ಇಂಕ್ ಹಾಕಿದ ಮೇಲೆ ರಿಟರ್ನ್ ಇಲ್ಲಮ್ಮ, ಕಂಪನಿ ರೂಲ್ಸು." ಇಂಕ್ ಹಾಕಿದ್ದು ಯಾರು ಸ್ವಾಮಿ? ನಾನಾ? ನಾನು ಟೀ ಕುಡಿಯುತ್ತಿದ್ದೆ!

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಸೀರಿಯಲ್ ನಂಬರ್ ಹೇಳಿದೆ. ಆ ಕಡೆಯ ಹುಡುಗಿ ಮೆತ್ತಗೆ ಹೇಳಿದಳು, ಇದರ ವಾರಂಟಿ ಏಳು ತಿಂಗಳ ಹಿಂದೆಯೇ ಶುರುವಾಗಿದೆಯಂತೆ. ಅಂದರೆ ಯಾರೋ ವಾಪಸ್ ಕೊಟ್ಟಿದ್ದೋ, ಅಂಗಡಿಯಲ್ಲೇ ಓಡಿಸಿದ್ದೋ. ಆಮೇಲೆ ಮೂಲೆಯಲ್ಲಿ ಬಿದ್ದಿತ್ತು. ನಮ್ಮ ಊರಿನ ಬಿಸಿಲು, ಧೂಳಿನಲ್ಲಿ ಸುಮ್ಮನೆ ಬಿದ್ದ ಪ್ರಿಂಟರಿನ ಹೆಡ್‌ನಲ್ಲಿ ಇಂಕ್ ಒಣಗದೆ ಇನ್ನೇನಾಗುತ್ತೆ? ಬಿಳಿ ಗೆರೆ ಅದರದ್ದೇ ಅನ್ನಿಸುತ್ತೆ.

ನೀವು ತಗೊಳ್ಳುವಾಗ ಡಬ್ಬದ ಟೇಪನ್ನು ನಿಮ್ಮ ಕಣ್ಣೆದುರೇ ಕತ್ತರಿಸಲಿ. ಟ್ಯಾಂಕ್ ಒಣಗಿದೆಯಾ ನೋಡಿ. ಇಂಕ್ ಚೆಲ್ಲಿದರೆ ಚೆಲ್ಲಲಿ, ನೀವೇ ಹಾಕಿ. ಮೊದಲ ದಿನವೇ ಸ್ಟೇಟಸ್ ಪುಟ ತೆಗೆಯಿರಿ. ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಇಲ್ಲದೆ ಹೊರಗೆ ಬರಬೇಡಿ. ಸಾವಿರ ಬಿಡ್ತೀವಿ ಅಂದರೆ ನನ್ನನ್ನು ನೆನೆಸಿಕೊಳ್ಳಿ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ಬಿಲ್ ಕೇಳಿದರು. ಎಸ್ಟಿಮೇಟ್ ಚೀಟಿ, ದುಡ್ಡು ಹಾಕಿದ ಯುಪಿಐ ದಾಖಲೆ ಇದೆ ಅಂದೆ. ಇದ್ದಿದ್ದನ್ನೇ ಕಳಿಸಿ ಅಂದರು. ಅದಾದ ಎರಡು ದಿನಕ್ಕೆ ಅಂಗಡಿಯಿಂದ ಫೋನ್ ಬಂತು. ಅದೇ ಮರ್ಯಾದೆಯ ಹುಡುಗ. "ಬೇಜಾರು ಮಾಡ್ಕೋಬೇಡಿ ಮೇಡಂ, ಪ್ರಿಂಟರ್ ತಂದುಕೊಡಿ, 4,000 ಕೊಡ್ತೀವಿ." ಹದಿನಾಲ್ಕೂವರೆ ಸಾವಿರದ್ದಕ್ಕೆ ನಾಲ್ಕಾ ಅಂದೆ.

"ಸೆಕೆಂಡ್ ಹ್ಯಾಂಡ್ ಅಲ್ವಾ ಮೇಡಂ, ಅಷ್ಟೇ ಬರೋದು" ಅಂದ.